ಬಿಯರ್ ವೇಸ್ಟ್ ಒಣಗಿಸಿ ತೂಗಿದೆ: ಚಳಿಗಾಲದ ಅಗ್ಗದ ಮೇವು, ನನ್ನ ಅನುಭವ

ನಮ್ಮದು ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿ. ಕೊಟ್ಟಿಗೆಯಲ್ಲಿ ಆರು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ ಹಸುಗಳಿವೆ. ರಾಗಿ ಕೊಯ್ಲು ಮುಗಿದು ಮೆದೆ ಹಾಕಿದ ಮೇಲೆ ಒಣಹುಲ್ಲಿಗೆ ಚಿಂತೆ ಇಲ್ಲ. ಆದರೆ ಡಿಸೆಂಬರ್ ಬಂತೆಂದರೆ ಹಸಿ ಮೇವು ಕೈಕೊಡುತ್ತದೆ. ಚಳಿಗೆ ನೇಪಿಯರ್ ಹುಲ್ಲು ಮೇಲೇಳುವುದಿಲ್ಲ, ಬೋರ್‌ವೆಲ್ ನೀರೂ ಕಮ್ಮಿ. ಬರೀ ರಾಗಿ ಹುಲ್ಲು ತಿಂದು ಹಸು ಹನ್ನೆರಡು ಲೀಟರ್ ಕೊಡಲಿ ಅಂದರೆ ಹೇಗೆ ಆಗುತ್ತದೆ? ಹುಲ್ಲಿನಲ್ಲಿ ಪ್ರೋಟೀನ್ ಇರುವುದೇ 100ಕ್ಕೆ 3–4 ಭಾಗ.

ಉಳಿದದ್ದನ್ನು ಹಿಂಡಿ, ಬೂಸಾದಿಂದ ತುಂಬಿಸಬೇಕು. ಹಾಲಿನ ದುಡ್ಡೆಲ್ಲಾ ಅಲ್ಲಿಗೇ ಹೋಗುತ್ತಿತ್ತು. ಆಗ ಪಕ್ಕದ ಮನೆಯ ಮಾವ ಬಂದು ಹೇಳಿದರು, "ನೋಡಮ್ಮ, ಹತ್ತಿ ಹಿಂಡಿ ಕೆಜಿಗೆ 34 ರೂಪಾಯಿ. ಬಿಯರ್ ವೇಸ್ಟ್ ಬರೀ 7 ರೂಪಾಯಿ. ಟೆಂಪೊದವನು ಮನೆ ಬಾಗಿಲಿಗೇ ತಂದು ಹಾಕುತ್ತಾನೆ."

ಬಿಯರ್ ಮಾಡಲು ಬಾರ್ಲಿಯ ಸಿಹಿಯನ್ನೆಲ್ಲಾ ಬಸಿದುಕೊಂಡ ಮೇಲೆ ಉಳಿಯುವ ಹಸಿ ಚರಟ ಅದು. ಹೆಸರು ಕೇಳಿ ನಮ್ಮ ಅತ್ತೆಗೆ ಮೊದಲು ಮನಸ್ಸಾಗಲಿಲ್ಲ. ಅದರಲ್ಲಿ ಮದ್ಯ ಇರುವುದಿಲ್ಲ. ಕಾಳಿನಿಂದ ರಸ ತೆಗೆದ ಮೇಲೆ ಆ ರಸವನ್ನು ಹುಳಿ ಬರಿಸಿ ಬಿಯರ್ ಮಾಡುತ್ತಾರೆ. ಚರಟ ಅದಕ್ಕೂ ಮೊದಲೇ ಬೇರೆ ಆಗಿರುತ್ತದೆ. ಹೀಗೆ ಬಿಡಿಸಿ ಹೇಳಿದ ಮೇಲೆ ಒಪ್ಪಿದರು.

ಒಂದು ತಿಂಗಳು ಹಸುವಿಗೆ ದಿನಕ್ಕೆ 8 ಕೆಜಿಯಂತೆ ಹಾಕಿದೆ. ಹಸುಗಳಿಗೆ ತುಂಬಾ ಇಷ್ಟವಾಯಿತು, ಬಾನಿ ನೆಕ್ಕಿ ಇಡುತ್ತಿದ್ದವು. ಆದರೆ ತಿಂಗಳ ಕೊನೆಗೆ ಕೈಗೆ ಉಳಿದದ್ದು ನಾನು ಅಂದುಕೊಂಡಷ್ಟು ಇರಲಿಲ್ಲ. 7 ರೂಪಾಯಿಯ ಮೇವಿನಲ್ಲಿ ಉಳಿತಾಯ ಇಷ್ಟೇನಾ ಅನ್ನಿಸಿತು. ಆ ಅನುಮಾನಕ್ಕೇ ಒಂದು ದಿನ ತೂಗಲು ಕುಳಿತೆ.

ಸರಿಯಾಗಿ ಒಂದು ಕೆಜಿ ಬಿಯರ್ ವೇಸ್ಟ್ ತೆಗೆದುಕೊಂಡು ತಟ್ಟೆಯಲ್ಲಿ ತೆಳ್ಳಗೆ ಹರಡಿ ಮಾಳಿಗೆ ಮೇಲೆ ಎರಡು ದಿನ ಒಣಗಿಸಿದೆ. ಆಮೇಲೆ ಹೆಂಚಿನ ಮೇಲೆ ಸಣ್ಣ ಉರಿಯಲ್ಲಿ, ಸೀಯದ ಹಾಗೆ ಕೈಯಾಡಿಸುತ್ತಾ, ತೂಕ ಇಳಿಯುವುದು ನಿಲ್ಲುವ ತನಕ ಬಿಸಿ ಮಾಡಿದೆ. ಕೊನೆಗೆ ಉಳಿದದ್ದು 230 ಗ್ರಾಂ. ಮಿಕ್ಕ 770 ಗ್ರಾಂ ಬರೀ ನೀರು! ಅಂದರೆ ಒಂದು ಕೆಜಿ ಒಣ ಸಾರಕ್ಕೆ ನಾನು ಕೊಡುತ್ತಿದ್ದುದು 30 ರೂಪಾಯಿ.

ಆವತ್ತಿನಿಂದ ಯಾವ ಮೇವನ್ನೂ ಚೀಲದ ಬೆಲೆಯಲ್ಲಿ ನೋಡುವುದನ್ನು ಬಿಟ್ಟೆ. ಎರಡೇ ಪ್ರಶ್ನೆ ಕೇಳಿಕೊಳ್ಳುತ್ತೇನೆ. ನೀರು ಕಳೆದರೆ ಕೆಜಿಗೆ ಎಷ್ಟು ಬೀಳುತ್ತದೆ? ಅದರಲ್ಲಿ ಒಂದು ಕೆಜಿ ಪ್ರೋಟೀನ್ ಎಷ್ಟಕ್ಕೆ ಸಿಗುತ್ತದೆ?

ನಮ್ಮ ಪಶುವೈದ್ಯರು ಪ್ರೋಟೀನಿನ ಅಂಕಿಗಳನ್ನು ಬರೆದುಕೊಟ್ಟರು. ಬಿಯರ್ ವೇಸ್ಟ್‌ನ ಒಣ ಸಾರದಲ್ಲಿ ಸುಮಾರು 25 ಭಾಗ, ಸಿಪ್ಪೆ ಸಹಿತದ ಹತ್ತಿ ಹಿಂಡಿಯಲ್ಲಿ 22, ಗೋಧಿ ಬೂಸಾದಲ್ಲಿ 15. ನಾನು ಕೊಂಡ ಬೆಲೆಗೆ ಲೆಕ್ಕ ಹಾಕಿದರೆ ಒಂದು ಕೆಜಿ ಪ್ರೋಟೀನ್ ಬಿಯರ್ ವೇಸ್ಟ್‌ನಲ್ಲಿ ಸುಮಾರು 122 ರೂಪಾಯಿಗೆ ಬಿತ್ತು, ಹತ್ತಿ ಹಿಂಡಿಯಲ್ಲಿ 155ಕ್ಕೆ. ಬೂಸಾ ನಾನು 26 ರೂಪಾಯಿಯಂತೆ ತಂದಿದ್ದೆ, ಅದರಲ್ಲಿ 173. ಹಾಗಾಗಿ ಬಿಯರ್ ವೇಸ್ಟ್ ಅಗ್ಗವೇ, ಅನುಮಾನ ಇಲ್ಲ. ಆದರೆ 7 ಮತ್ತು 34 ಅಂತ ಕೇಳಿದಾಗ ಐದು ಪಟ್ಟು ಅಗ್ಗ ಅನ್ನಿಸುತ್ತದಲ್ವಾ, ಅಷ್ಟಿಲ್ಲ. 8 ಕೆಜಿ ಬಿಯರ್ ವೇಸ್ಟ್ ಹಾಕಿ ಎರಡು ಕೆಜಿ ಹತ್ತಿ ಹಿಂಡಿ ನಿಲ್ಲಿಸಿದರೆ ಹಸುವಿಗೆ ದಿನಕ್ಕೆ 12 ರೂಪಾಯಿ ಉಳಿಯುತ್ತದೆ. ಆರು ಹಸುವಿಗೆ 72 ರೂಪಾಯಿ. ನಮ್ಮಂಥವರಿಗೆ ಅದೂ ದೊಡ್ಡದೇ.

ಜನವರಿ ಮಧ್ಯದಲ್ಲಿ ಬಂದ ಒಂದು ಲೋಡ್ ಯಾಕೋ ತೆಳ್ಳಗಿತ್ತು. ಮುಷ್ಟಿಯಲ್ಲಿ ಹಿಂಡಿದರೆ ಬೆರಳ ಸಂದಿಯಿಂದ ನೀರು ಸುರಿಯುತ್ತಿತ್ತು. ಅದನ್ನೂ ಒಣಗಿಸಿ ತೂಗಿದೆ. 170 ಗ್ರಾಂ! ಬೆಲೆ ಮಾತ್ರ ಅದೇ 7 ರೂಪಾಯಿ. ಈ ಲೋಡ್‌ನಲ್ಲಿ ಪ್ರೋಟೀನ್ ಕೆಜಿಗೆ 165 ರೂಪಾಯಿ ಬಿತ್ತು, ಹತ್ತಿ ಹಿಂಡಿಗಿಂತ ಜಾಸ್ತಿ. ಉಳಿತಾಯ ಹೋಗಲಿ, ಹಸುವಿಗೆ ದಿನಕ್ಕೆ ಮೂರು ನಾಲ್ಕು ರೂಪಾಯಿ ನಾವೇ ಕೈಯಿಂದ ಹಾಕಿದ ಹಾಗಾಯಿತು. ಬೇಜಾರಾಯಿತು, ಕೋಪವೂ ಬಂತು. ಊರಿನ ಮೂರು ಮನೆಯವರು ಸೇರಿ ಟೆಂಪೊದವನಿಗೆ ಹೇಳಿದೆವು, ಹಿಂಡಿದರೆ ನೀರು ಸುರಿಯುವ ಮಾಲು ಇಳಿಸಬೇಡ ಅಂತ. ಈಗ ಇಳಿಸುವ ಮೊದಲು ಅವನ ಮುಂದೆಯೇ ಒಂದು ಮುಷ್ಟಿ ಹಿಂಡಿ ನೋಡುತ್ತೇನೆ.

ಇನ್ನು ಇಡುವ ವಿಷಯ. ನಮ್ಮ ಚಳಿಗೆ ಈ ಚರಟ ನಾಲ್ಕು ದಿನ ತಡೆಯುತ್ತದೆ, ಬಿಸಿಲು ಏರಿದರೆ ಎರಡೇ ದಿನ. ಸಂಕ್ರಾಂತಿಗೆ ತವರಿಗೆ ಹೋಗಿದ್ದಾಗ ಚೀಲದ ಬಾಯಿ ತೆರೆದೇ ಉಳಿದಿತ್ತು. ಬಂದು ನೋಡಿದರೆ ಮೇಲೆಲ್ಲಾ ಬಿಳಿ ಬೂಷ್ಟು. ಮೇಲಿನದನ್ನು ಕೆರೆದು ಕೆಳಗಿನದನ್ನು ಹಾಕಿದೆ. ಅದು ನನ್ನ ತಪ್ಪು. ಮಾರನೆಯ ದಿನ ಎರಡು ಹಸು ಮೇವು ಬಿಟ್ಟವು, ಒಂದರ ಹಾಲು ಅರ್ಧಕ್ಕೆ ಇಳಿಯಿತು. ಡಾಕ್ಟ್ರು ಬಂದು ಔಷಧಿ ಕೊಟ್ಟು ಹೇಳಿದರು: ಬೂಷ್ಟು ಕಣ್ಣಿಗೆ ಕಾಣುವುದು ಮೇಲೆ ಮಾತ್ರ, ಬೇರು ಒಳಗೆಲ್ಲಾ ಹರಡಿರುತ್ತದೆ. ಕೆಲವು ಬೂಷ್ಟಿನ ವಿಷ ಹಸುವಿನ ಹೊಟ್ಟೆಯಿಂದ ಹಾಲಿಗೂ ಬರುತ್ತದೆ. ಅಫ್ಲಾಟಾಕ್ಸಿನ್ ಅನ್ನುವುದು ಅಂಥದ್ದೇ. ತೇವ ತಗುಲಿದ ಕಡಲೆಕಾಯಿ ಹಿಂಡಿ, ಹತ್ತಿ ಹಿಂಡಿ, ಮುಸುಕಿನ ಜೋಳದಲ್ಲಿ ಅದರ ಕಾಟ ಜಾಸ್ತಿ. ನಾವು ಡೈರಿಗೆ ಹಾಕುವ ಹಾಲನ್ನು ಯಾವುದೋ ಮನೆಯ ಮಗು ಕುಡಿಯುತ್ತದೆ. ಅವತ್ತಿನಿಂದ ಬೂಷ್ಟು ಕಂಡರೆ ಚೀಲ ಪೂರ್ತಿ ತಿಪ್ಪೆಗೆ.

ಈಗ ಲೋಡ್ ಬಂದ ದಿನವೇ 200 ಲೀಟರಿನ ಪ್ಲಾಸ್ಟಿಕ್ ಡ್ರಮ್ಮಿಗೆ ತುಂಬುತ್ತೇನೆ. ಗಾಳಿ ಉಳಿಯದ ಹಾಗೆ ತುಳಿದು, ಮೇಲೆ ಒಂದು ಹಿಡಿ ಉಪ್ಪು ಚೆಲ್ಲಿ, ಪ್ಲಾಸ್ಟಿಕ್ ಹಾಳೆ ಮುಚ್ಚಿ ಕಲ್ಲು ಹೇರುತ್ತೇನೆ. ಸೈಲೇಜ್ (ಗಾಳಿಯಾಡದ ಹಾಗೆ ಮುಚ್ಚಿಟ್ಟು ಹುಳಿ ಬರಿಸಿದ ಹಸಿ ಮೇವು) ಹಾಗೆಯೇ ಹುಳಿಯಾಗಿ ಎರಡು ಮೂರು ವಾರ ಚೆನ್ನಾಗಿರುತ್ತದೆ. ಬಾಯಿ ತೆರೆದ ಡ್ರಮ್ಮನ್ನು ಮಾತ್ರ ಬೇಗ ಮುಗಿಸಬೇಕು.

ಮರಗೆಣಸಿನ ತಿಪ್ಪಿಯನ್ನೂ ನೋಡಿದೆ. ಸೇಲಂ ಕಡೆಯ ಸಾಬಕ್ಕಿ ಕಾರ್ಖಾನೆಗಳಲ್ಲಿ ಉಳಿಯುವ ಒಣ ಮಾಲು ಅದು, ನನಗೆ 14 ರೂಪಾಯಿಗೆ ಸಿಕ್ಕಿತು. ಅದರಲ್ಲಿ ಇರುವುದೆಲ್ಲಾ ಗಂಜಿ (ಪಿಷ್ಟ), ಪ್ರೋಟೀನ್ 2–3 ಭಾಗ ಅಷ್ಟೇ. ಅಗ್ಗ ಅಂತ ಒಂದೇ ಸಲ ಮೂರು ಕೆಜಿಗೆ ಏರಿಸಿದೆ. ಸಗಣಿ ತೆಳ್ಳಗಾಯಿತು, ಡೈರಿ ಚೀಟಿಯಲ್ಲಿ ಫ್ಯಾಟು 3.8 ಇದ್ದದ್ದು 3.3ಕ್ಕೆ ಇಳಿಯಿತು. ಗಂಜಿ ಜಾಸ್ತಿ ಆದರೆ ಹೊಟ್ಟೆ ಹುಳಿಯಾಗುತ್ತದೆ, ಮೆಲುಕು ಕಮ್ಮಿ ಆಗುತ್ತದೆ, ಫ್ಯಾಟು ಬೀಳುತ್ತದೆ. ಒಂದು ಕೆಜಿಗೆ ಇಳಿಸಿ, ಅದಕ್ಕೂ ಮೊದಲು ಒಂದು ತೆಕ್ಕೆ ರಾಗಿ ಹುಲ್ಲು ಹಾಕಲು ಶುರು ಮಾಡಿದ ಮೇಲೆ ಸರಿಹೋಯಿತು. ಈಗ ಯಾವ ಹೊಸ ಮೇವನ್ನೂ ಹತ್ತು ದಿನ ತೆಗೆದುಕೊಂಡು, ಅರ್ಧ ಅರ್ಧ ಕೆಜಿ ಏರಿಸುತ್ತಾ ಹೋಗುತ್ತೇನೆ. ಚೀಟಿಯ ಫ್ಯಾಟನ್ನು ದಿನಾ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುತ್ತೇನೆ.

ನಮ್ಮ ಕಡೆ ಚಳಿಗಾಲಕ್ಕೇ ಸಿಗುವ ಎರಡು ಮೇವನ್ನು ಹೇಳಲೇಬೇಕು. ಒಂದು ಅವರೆಕಾಯಿ ಸಿಪ್ಪೆ. ಸೊಗಡಿನ ಅವರೆ ಸೀಸನ್ನಿನಲ್ಲಿ ಕಾಳು ಸುಲಿದು ಮಾರುವವರ ಹತ್ತಿರ ಸಿಪ್ಪೆ ರಾಶಿ ರಾಶಿ ಬಿದ್ದಿರುತ್ತದೆ. ಅತ್ತೆ ಹೇಳಿದ ಮೇಲೆ ಹೋಗಿ ಕೇಳಿದೆ, ಸುಮ್ನೆ ಕೊಟ್ಟರು. ಆಟೊ ಬಾಡಿಗೆ ಮಾತ್ರ ನನ್ನದು. ಹಸುಗಳು ಬಿಯರ್ ವೇಸ್ಟ್ ಬಿಟ್ಟು ಇದಕ್ಕೆ ಬಾಯಿ ಹಾಕುತ್ತವೆ. ಕಾಯಿಕೊರಕಕ್ಕೆ ಔಷಧಿ ಹೊಡೆದು ಎಷ್ಟು ದಿನ ಆಯಿತು ಅಂತ ಬೆಳೆದವರನ್ನು ಕೇಳದೆ ನಾನು ತರುವುದಿಲ್ಲ. ಹೊಟ್ಟೆ ಉಬ್ಬರಿಸಬಾರದು ಅಂತ ಕತ್ತರಿಸಿದ ರಾಗಿ ಹುಲ್ಲಿನ ಜೊತೆ ಕಲಸಿ ಹಾಕುತ್ತೇನೆ.

ಇನ್ನೊಂದು ರೇಷ್ಮೆ ಹುಳು ತಿಂದು ಬಿಟ್ಟ ಹಿಪ್ಪುನೇರಳೆ ಸೊಪ್ಪು. ಪ್ರೋಟೀನ್ ಚೆನ್ನಾಗಿದೆ, ಊರಲ್ಲೇ ಸಿಗುತ್ತದೆ. ಆದರೆ ಹುಳು ಜ್ವರದಿಂದ (ಪೊರೆ ಬಿಡುವ ಹೊತ್ತಿನ ನಿದ್ದೆಗೆ ಹಾಗೆನ್ನುತ್ತಾರೆ) ಎದ್ದಾಗ ರೋಗ ಬಾರದ ಹಾಗೆ ಹಾಸಿಗೆಗೆ ಪುಡಿ ಹಾಕುತ್ತಾರೆ. ಆ ಪುಡಿ ಬಿದ್ದ ಸೊಪ್ಪು ಹಸುವಿಗೆ ಬೇಡ. ಹುಳು ಮನೆಯವರು ನಮ್ಮ ಓರಗಿತ್ತಿಯೇ ಆದ್ದರಿಂದ ಯಾವತ್ತಿನ ಸೊಪ್ಪು ತರಬಹುದು ಅಂತ ಅವಳೇ ಹೇಳಿ ಕಳಿಸುತ್ತಾಳೆ.

ಈ ಚಳಿಗೆ ಒಂದು ಹಸುವಿಗೆ ಹೀಗೆ ನಡೆದಿದೆ: ರಾಗಿ ಹುಲ್ಲು ಹೊಟ್ಟೆ ತುಂಬಾ, ಬಿಯರ್ ವೇಸ್ಟ್ 8 ಕೆಜಿ, ತಿಪ್ಪಿ ಒಂದು ಕೆಜಿ, ಹಾಲು ಎಷ್ಟು ಅಂತ ನೋಡಿಕೊಂಡು ಪಶು ಆಹಾರ (ಫೀಡ್), ಸಿಕ್ಕಿದ ದಿನ ಅವರೆ ಸಿಪ್ಪೆ. ಬಿಯರ್ ವೇಸ್ಟ್‌ನಲ್ಲಿ ಸುಣ್ಣದ ಅಂಶ ಕಮ್ಮಿ, ಅದಕ್ಕೆ ಖನಿಜ ಮಿಶ್ರಣ 50 ಗ್ರಾಂ ತಪ್ಪಿಸುವುದಿಲ್ಲ. ಮಾರ್ಚ್‌ನಲ್ಲಿ ಬಿಸಿಲು ಏರಿದ ಮೇಲೆ ಡ್ರಮ್ಮು ತೊಳೆದು ಬೋರಲು ಹಾಕಿ ಹತ್ತಿ ಹಿಂಡಿಗೆ ವಾಪಸ್ ಹೋಗುತ್ತೇನೆ. ಅಷ್ಟರೊಳಗೆ ಬೇಬಿ ಕಾರ್ನ್ ಸಿಪ್ಪೆಯನ್ನೂ ಒಂದು ಕೆಜಿ ಒಣಗಿಸಿ ತೂಗಬೇಕು. ಎರಡು ರೂಪಾಯಿಗೆ ಕೊಡುತ್ತೇನೆ ಅಂತ ಒಬ್ಬರು ಹೇಳಿದ್ದಾರೆ.