ಪುಟ ಎಣಿಸುವುದು ಬಿಟ್ಟ ಮೇಲೆ ಶೆಡ್ಯೂಲ್ ಕೈಗೆ ಬಂತು

ಸಿನಿಮಾ ಶೂಟಿಂಗ್‌ಗೆ ಎಷ್ಟು ದಿನ ಬೇಕು ಅಂತ ಅಂದಾಜಿಸಲು ಚಿತ್ರಕಥೆಯ ಪುಟವನ್ನು ಎಂಟು ಭಾಗ ಮಾಡಿ ಲೆಕ್ಕ ಹಾಕುವುದು ನಿಮಗೆಲ್ಲ ಗೊತ್ತೇ ಇದೆ. ನಾನೂ ದಿನಕ್ಕೆ ನಾಲ್ಕು ಪುಟ ಅಂತ ಶೆಡ್ಯೂಲ್ ಹಾಕುತ್ತಿದ್ದೆ. ಮೇಜಿನ ಮುಂದೆ ಇಬ್ಬರು ಮಾತಾಡುವ ಮೂರು ಪುಟ ಮಧ್ಯಾಹ್ನದೊಳಗೆ ಮುಗಿಯುತ್ತಿತ್ತು. 'ಜನ ದಿಕ್ಕಾಪಾಲಾಗಿ ಓಡುತ್ತಾರೆ' ಅನ್ನುವ ಒಂದೇ ಸಾಲು ಇಡೀ ದಿನ ನುಂಗಿ, ಮಾರನೇ ದಿನಕ್ಕೂ ಕೈ ಹಾಕುತ್ತಿತ್ತು. ಓವರ್‌ಟೈಮ್, ಮತ್ತೆ ಕರೆಸಬೇಕಾದ ಜೂನಿಯರ್ ಕಲಾವಿದರು, ಎಲ್ಲಕ್ಕೂ ದುಡ್ಡು. ಒಂದು ಚಿತ್ರದಲ್ಲಂತೂ ಲೈಟ್ ಬಾಡಿಗೆಯೇ ಅಂದುಕೊಂಡಿದ್ದಕ್ಕಿಂತ ಒಂದೂವರೆ ಪಟ್ಟಾಯಿತು.

ಈಗ ನಾನು ಪುಟ ನೋಡುವುದಿಲ್ಲ. ಕ್ಯಾಮೆರಾ ದಿಕ್ಕು ಬದಲಾದಾಗೆಲ್ಲ ಲೈಟ್ ಎಷ್ಟು ಸಲ ತಿರುಗಬೇಕು ಅಂತ ಎಣಿಸುತ್ತೇನೆ. "ಇದೆಂಥ ಲೆಕ್ಕ ಮಾರಾಯ್ರೆ" ಅಂತ ನಮ್ಮ ಅಸೋಸಿಯೇಟ್ ಡೈರೆಕ್ಟರ್ ನಕ್ಕಿದ್ದರು.

ಲೆಕ್ಕ ಸಿಕ್ಕಿದ್ದು ಕ್ಯಾಮೆರಾದ ಮೆಮೊರಿ ಕಾರ್ಡಿನಲ್ಲಿ. ಪ್ರತಿ ಫ್ರೇಮಿಗೂ ಸಮಯ ಬರೆದಿಡುವ ಟೈಮ್‌ಕೋಡನ್ನು ಗಡಿಯಾರಕ್ಕೆ ಹೊಂದಿಸಿ, ರೆಕಾರ್ಡಿಂಗ್ ನಿಂತರೂ ಓಡುತ್ತಲೇ ಇರುವ ಫ್ರೀ ರನ್‌ನಲ್ಲಿ ಇಡಿಸಿದೆ. ಒಂದು ಸೆಟಪ್‌ನ (ಕ್ಯಾಮೆರಾ, ಲೈಟ್ ಒಂದು ಕಡೆ ಇಟ್ಟು ತೆಗೆಯುವುದು) ಕೊನೆಯ ಟೇಕ್ ಎಷ್ಟು ಹೊತ್ತಿಗೆ, ಮುಂದಿನದರ ಮೊದಲ ಟೇಕ್ ಎಷ್ಟು ಹೊತ್ತಿಗೆ, ಎರಡನ್ನೂ ಬರೆದುಕೊಂಡೆ. 12 ಗಂಟೆಯ ದಿನದಲ್ಲಿ ಕ್ಯಾಮೆರಾ ಓಡಿದ್ದು ಹೆಚ್ಚುಕಮ್ಮಿ ಒಂದು ಗಂಟೆ! ಉಳಿದದ್ದು ತಯಾರಿ, ಕಾಯುವುದು. ಅಳೆಯಬೇಕಾದ್ದು ಅದನ್ನೇ ಅಲ್ವಾ?

ನನ್ನ ಯೂನಿಟ್‌ಗೆ ಬಂದದ್ದು ಇಷ್ಟು. ಮೊದಲ ಮಾಸ್ಟರ್‌ಗೆ, ಅಂದರೆ ಇಡೀ ದೃಶ್ಯ ಹಿಡಿಯುವ ಶಾಟ್‌ಗೆ, ಒಂದೂಕಾಲು ಗಂಟೆ. ಅದೇ ದಿಕ್ಕಿನಲ್ಲಿ ಸಜೆಷನ್ (ಒಬ್ಬರ ಭುಜದ ಮೇಲಿಂದ ಇನ್ನೊಬ್ಬರು), ಕ್ಲೋಸ್ (ಹತ್ತಿರದಿಂದ ಮುಖ) ತಲಾ 20 ನಿಮಿಷ. ಕೌಂಟರ್‌ಗೆ, ಅಂದರೆ ಎದುರು ದಿಕ್ಕಿಗೆ, ತಿರುಗಿದರೆ 45. ಕ್ಯಾಮೆರಾ ಸರಿಸಲು ಟ್ರ್ಯಾಕ್ ಹಾಸಿದರೆ ಇನ್ನೊಂದು ಅರ್ಧ ಗಂಟೆ. ರಾತ್ರಿ ಹೊರಾಂಗಣಕ್ಕೆ ಎಲ್ಲವೂ ಒಂದೂವರೆ ಪಟ್ಟು. ಗುಂಪಿದ್ದರೆ ಜನರನ್ನು ಮೊದಲಿನ ಜಾಗಕ್ಕೆ ತಂದು ನಿಲ್ಲಿಸಲು ಪ್ರತಿ ಟೇಕ್‌ಗೂ 10 ನಿಮಿಷ. ಆ ಒಂದು ಸಾಲು ದಿನ ತಿಂದದ್ದು ಇಲ್ಲೇ. ಛಾಯಾಗ್ರಾಹಕರು ಬದಲಾದರೆ ಅಂಕಿಯೂ ಬದಲಾಗುತ್ತದೆ, ನನ್ನದನ್ನು ಹಾಗೇ ಎತ್ತಿಕೊಳ್ಳಬೇಡಿ.

ನಡುವೆ ಸುಮ್ನೆ ಕೆಲವು ದೃಶ್ಯ ಮೊಬೈಲಿನಲ್ಲಿ ಮೊದಲೇ ತೆಗೆದು ನೋಡಿದೆ. ಸಮಯದ ಅಂದಾಜಿಗೆ ಏನೂ ಸಿಗಲಿಲ್ಲ. ಆದರೆ ಅದನ್ನು ನೋಡಿ ನಿರ್ದೇಶಕರೇ ನಾಲ್ಕೈದು ಶಾಟ್ ಕೈಬಿಟ್ಟರು, ಅರ್ಧ ದಿನದ ಖರ್ಚು ಉಳಿಯಿತು. ಮಗು, ನಾಯಿ ಇರುವ ದೃಶ್ಯಕ್ಕೆ ಎರಡು ಪಟ್ಟು ಇಟ್ಟಿದ್ದೆ. ನಾಯಿ ಬೇಗ ಮುಗಿಸಿತು. ಮಕ್ಕಳ ಲೆಕ್ಕ ಮಾತ್ರ ಇನ್ನೂ ಕೂತಿಲ್ಲ.

ಊಟದ ಬ್ರೇಕ್ ಆದ ಮೇಲಿನ ಮೊದಲ ಶಾಟ್‌ಗೆ ನನ್ನ ಶೀಟಿನಲ್ಲಿ ಬೇರೆಯೇ ಕಾಲಂ ಇದೆ. ಅದರ ಅಂಕಿ ಹೇಳುವುದಿಲ್ಲ, ನಿಮ್ಮ ಕಾರ್ಡಿನಲ್ಲೂ ಇದೆ, ಹುಡುಕಿ. ಕಳೆದ ಚಿತ್ರದಲ್ಲಿ ಪ್ಯಾಕಪ್ ನನ್ನ ಅಂದಾಜಿಗಿಂತ ಅರ್ಧ ಗಂಟೆಗೂ ಜಾಸ್ತಿ ತಡವಾದ ದಿನಗಳು ಬೆರಳೆಣಿಕೆಯಷ್ಟು. ನಕ್ಕಿದ್ದ ಅಸೋಸಿಯೇಟ್ ಮೊನ್ನೆ ಶೀಟ್ ಕೇಳಿ ಪಡೆದರು. ಕೊಟ್ಟೆ, ಆ ಕಾಲಂ ಅಳಿಸಿ.