ಮೊಣಕಾಲಿನಿಂದ ಕೆಳಗೆ: ಮಲೆನಾಡಿನಲ್ಲಿ ನಾಯಿ ಸುತ್ತಿಸಲು ನಾನು ಹಾಕಿಕೊಳ್ಳುವ ಬಟ್ಟೆ

ನಮ್ಮ ಕಡೆ ನಾಯಿಗೆ ಹಗ್ಗ ಹಾಕಿ ಯಾರೂ ತಿರುಗಾಡಿಸುವುದಿಲ್ಲ. ಬೆಳಿಗ್ಗೆ ಬಿಟ್ಟರೆ ಅದೇ ತೋಟ ಸುತ್ತಿ, ಗದ್ದೆ ಅಂಚಿನಲ್ಲಿ ಓಡಾಡಿ, ಊಟದ ಹೊತ್ತಿಗೆ ಜಗುಲಿಗೆ ಬಂದು ಕೂರುತ್ತದೆ. ನಮ್ಮನೆಯಲ್ಲೂ ಹಾಗೇ ಇತ್ತು. ಆದರೆ ಎರಡೇ ವರ್ಷದಲ್ಲಿ ಎರಡು ನಾಯಿಗಳನ್ನು ಚಿರತೆ ಹೊತ್ತುಕೊಂಡು ಹೋಯಿತು. ಎರಡನೆಯದು ಹೋಗಿದ್ದು ಕೊಟ್ಟಿಗೆಯ ಬಾಗಿಲಿನಿಂದಲೇ. ಹಾಗಾಗಿ ಚುಕ್ಕಿ ಮರಿಯಾಗಿ ಮನೆಗೆ ಬಂದಾಗಲೇ ತೀರ್ಮಾನ ಮಾಡಿದೆ. ರಾತ್ರಿ ಅವಳು ಮನೆಯೊಳಗೆ ಮಲಗಬೇಕು, ಹಗಲು ನಾನೇ ಹಗ್ಗ ಹಿಡಿದು ಸುತ್ತಿಸಬೇಕು.

ಈಗ ಆರು ವರ್ಷ ಆಯಿತು. ನಮ್ಮೂರು ತೀರ್ಥಹಳ್ಳಿ ತಾಲ್ಲೂಕಿನಲ್ಲಿ, ಆಗುಂಬೆ ಕಡೆಗೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ನಮ್ಮಲ್ಲಿ ಅದಕ್ಕಿಂತ ಸ್ವಲ್ಪ ಕಡಿಮೆ ಇರಬಹುದು, ಆದರೆ ನಾಯಿ ಜೊತೆ ನಡೆಯುವವರಿಗೆ ಆ ವ್ಯತ್ಯಾಸ ಗೊತ್ತಾಗುವುದಿಲ್ಲ. ಬೆಳಿಗ್ಗೆ ಆರೂವರೆಗೆ ಒಂದು ಸುತ್ತು, ಸಂಜೆ ಕತ್ತಲಾಗುವ ಮೊದಲು ಇನ್ನೊಂದು. ತೋಟದ ಅಂಚು, ಜಂಬಿಟ್ಟಿಗೆ ಮೆಟ್ಟಿಲು, ಸೊಪ್ಪಿನಬೆಟ್ಟದ ಕಾಲುದಾರಿ, ಆಮೇಲೆ ಡಾಂಬರು ರಸ್ತೆ. ಹೋಗಿ ಬರುವುದಕ್ಕೆ ಮೂರು ಕಿಲೋಮೀಟರ್.

ಮೊದಲ ಮಳೆಗಾಲದಲ್ಲಿ ನನ್ನ ಗಮನವೆಲ್ಲ ತಲೆ ಮೇಲೆ ಇತ್ತು. ತಲೆ ನೆನೆಯಬಾರದು ಅಂತ ದೊಡ್ಡ ಕೊಡೆ ಹಿಡಿದೆ. ಮೈಮೇಲೆ ಮನೆಯಲ್ಲಿ ಹಾಕುವ ಚೂಡಿದಾರ್, ಕಾಲಿಗೆ ಹವಾಯಿ ಚಪ್ಪಲಿ. ಹತ್ತು ನಿಮಿಷಕ್ಕೆ ಪ್ಯಾಂಟಿನ ಅಂಚು ನೀರು ಕುಡಿದು ಮೊಣಕಾಲಿನ ತನಕ ಒದ್ದೆಯಾಗಿ ಕಾಲಿಗೆ ಅಂಟಿಕೊಂಡಿತು. ದುಪಟ್ಟಾ ಹಗ್ಗಕ್ಕೆ ಸುತ್ತಿಕೊಂಡಿತು. ಮೂರನೆಯ ದಿನ ಮೆಟ್ಟಿಲಿನ ಹಾವಸೆ ಮೇಲೆ ಚಪ್ಪಲಿ ಜಾರಿತು. ಒಂದು ಕೈಯಲ್ಲಿ ಕೊಡೆ, ಇನ್ನೊಂದಕ್ಕೆ ಹಗ್ಗ ಸುತ್ತಿತ್ತು. ನೆಲಕ್ಕೆ ಊರಲು ಕೈಯೇ ಇರಲಿಲ್ಲ. ಮಣಿಕಟ್ಟು ಉಳುಕಿ ಮೂರು ವಾರ ಪಟ್ಟಿ ಕಟ್ಟಿಕೊಂಡಿದ್ದೆ.

ಆ ಮೂರು ವಾರ ಜಗುಲಿಯಲ್ಲಿ ಕೂತು, ಮಳೆಯಲ್ಲಿ ತೋಟಕ್ಕೆ ಹೋಗುವವರನ್ನು ನೋಡುತ್ತಿದ್ದೆ. ಅವರಿಗೆ ತಲೆಯ ಚಿಂತೆ ಅಷ್ಟಾಗಿ ಇಲ್ಲ. ಗೊಬ್ಬರದ ಚೀಲದೊಳಗಿನ ಪ್ಲಾಸ್ಟಿಕ್ಕನ್ನು ಕೊಪ್ಪೆ ಮಾಡಿ ಹಾಕಿಕೊಂಡರೆ ಮುಗಿಯಿತು. ಜೋಪಾನ ಎಲ್ಲ ಕಾಲಿಗೆ. ಪ್ಯಾಂಟು ಎಲ್ಲಿ ಮಡಚಬೇಕು, ಕಾಲಿಗೆ ಏನು ಹಚ್ಚಬೇಕು, ಎಲ್ಲಿ ಹೆಜ್ಜೆ ಇಡಬೇಕು. ಮಲೆನಾಡಿನಲ್ಲಿ ತೊಂದರೆ ಬರುವುದೇ ಮೊಣಕಾಲಿನಿಂದ ಕೆಳಗೆ. ಇಂಬಳ (ನೆಲದ ಜಿಗಣೆ), ಉಣುಗು (ರಕ್ತ ಹೀರುವ ಸಣ್ಣ ಹುಳು), ಹಾವು, ಹಾವಸೆ ಎಲ್ಲ ಅಲ್ಲೇ. ಇಲಿ ಜ್ವರ ಕೂಡ ಕೊಳಕು ನೀರಿನಿಂದ, ಕಾಲಿನ ಸಣ್ಣ ಗಾಯದ ಮೂಲಕವೇ ಮೈಗೆ ಸೇರಬಹುದು. ಅಂದಿನಿಂದ ನಾನು ಬಟ್ಟೆ ಹಾಕಿಕೊಳ್ಳುವ ಲೆಕ್ಕ ಕಾಲಿನಿಂದ ಶುರುವಾಗುತ್ತದೆ.

ಮೊದಲು ಗಂಬೂಟು. ಕಾಲಿನ ಅಳತೆಗಿಂತ ಒಂದು ನಂಬರ್ ದೊಡ್ಡದು ಬೇಕು, ಒಳಗೆ ದಪ್ಪ ಕಾಲುಚೀಲ ಹಿಡಿಯಬೇಕಲ್ವಾ. ಕೊಳ್ಳುವಾಗ ಬೂಟನ್ನು ತಿರುಗಿಸಿ ಅಡಿ ನೋಡಿ. ಗೀರು ಆಳವಾಗಿರಬೇಕು. ನಾನು ಮೊದಲು ತಂದದ್ದರ ಅಡಿ ಬಹುತೇಕ ನುಣುಪಾಗಿತ್ತು. ಹಾವಸೆ ಮೇಲೆ ಅದು ಹವಾಯಿ ಚಪ್ಪಲಿಗಿಂತ ಅಪಾಯ. ಗೀರು ಆಳವಿದ್ದರೂ ಮಳೆಗಾಲದಲ್ಲಿ ಮೆಟ್ಟಿಲ ಮೇಲೆ ಅಡ್ಡಡ್ಡ ಹೆಜ್ಜೆ ಇಟ್ಟೇ ಇಳಿಯುತ್ತೇನೆ. ಹಗ್ಗವನ್ನು ಕೈಗೆ ಸುತ್ತಿಕೊಳ್ಳುವುದನ್ನು ಪೂರ್ತಿ ಬಿಟ್ಟಿದ್ದೇನೆ. ಬೂಟು ಹಾಕುವ ಮೊದಲು ಪ್ರತಿ ಸಲ ಬೋರಲು ಹಾಕಿ ಕೊಡವುತ್ತೇನೆ. ಇದುವರೆಗೆ ಕಪ್ಪೆ ನಾಲ್ಕೈದು ಸಲ ಬಿದ್ದಿದೆ, ಚೇಳು ಒಂದು ಸಲ.

ಗಂಬೂಟು ಹಾಕಿದರೆ ಇಂಬಳ ಹತ್ತುವುದಿಲ್ಲ ಅಂತ ಹೊರಗಿನವರು ಅಂದುಕೊಳ್ಳುತ್ತಾರೆ. ಹತ್ತುತ್ತದೆ. ಒಮ್ಮೆ ಚುಕ್ಕಿ ಏನನ್ನೋ ಮೂಸುತ್ತಾ ನಿಂತಾಗ ನಾನು ಬಗ್ಗಿ ನೋಡುತ್ತಿದ್ದೆ. ಎಲೆಯ ತುದಿಯಲ್ಲಿ ಕಪ್ಪು ದಾರದ ತುಂಡಿನ ಹಾಗೆ ಒಂದು ಎದ್ದು ನಿಂತಿತ್ತು. ಹಿಂದಿನ ತುದಿ ಎಲೆಗೆ ಅಂಟಿಕೊಂಡಿತ್ತು, ಮುಂದಿನದು ಗಾಳಿಯಲ್ಲಿ ಅತ್ತಿತ್ತ ಹುಡುಕುತ್ತಿತ್ತು. ನಾನು ಉಸಿರು ಬಿಟ್ಟ ಕೂಡಲೇ ನನ್ನ ಕಡೆಗೇ ಬಾಗಿತು. ಬೂಟಿಗೆ ತಾಗಿತು. ಆಮೇಲೆ ಗೇಣು ಹಾಕಿ ಅಳೆಯುವ ಹಾಗೆ ಮಡಚಿ, ಚಾಚಿ, ಮಡಚಿ, ಚಾಚಿ ಮೇಲೆ ಹೊರಟಿತು. ಬೂಟಿನ ಬಾಯಿ ತಲುಪಲು ಒಂದು ನಿಮಿಷವೂ ಬೇಕಾಗಲಿಲ್ಲ. ಅಲ್ಲಿಂದ ಒಳಗೆ ಇಳಿದರೆ ನಮಗೆ ಗೊತ್ತಾಗುವುದು ಮನೆಗೆ ಬಂದು ಕಾಲುಚೀಲ ಕೆಂಪಾಗಿದ್ದನ್ನು ನೋಡಿದಾಗಲೇ. ಅದರ ಎಂಜಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶ ಇದೆ. ಹಾಗಾಗಿ ಅದು ಬಿದ್ದುಹೋದ ಮೇಲೂ ರಕ್ತ ಸೋರುತ್ತಲೇ ಇರುತ್ತದೆ. ನೋವಿಲ್ಲ, ಆದರೆ ಆ ತುರಿಕೆ ವಾರಗಟ್ಟಲೆ ಉಳಿಯುತ್ತದೆ.

ಇದಕ್ಕೆ ನನಗೆ ಒಗ್ಗಿದ ಉಪಾಯ ಕೋರಾ ಬಟ್ಟೆಯ ಉದ್ದ ಕಾಲುಚೀಲ. ಸಾಮಾನ್ಯ ಕಾಲುಚೀಲದ ಹೆಣಿಗೆ ಸಡಿಲ, ಅದರ ಸಂದಿಯಲ್ಲೇ ಇಂಬಳ ತೂರುತ್ತದೆ. ಒತ್ತಾಗಿ ನೇಯ್ದ ಕೋರಾ ಬಟ್ಟೆಯಲ್ಲಿ ತೂರಲು ಆಗುವುದಿಲ್ಲ. ಪೇಟೆಯ ಟೈಲರ್ ಹತ್ತಿರ ಮೊಣಕಾಲು ದಾಟುವಷ್ಟು ಉದ್ದಕ್ಕೆ, ಮೇಲ್ಗಡೆ ಲಾಡಿ ಇಟ್ಟು ಹೊಲಿಸಿದೆ. ಪ್ಯಾಂಟಿನ ಮೇಲೆ ಅದನ್ನು ಎಳೆದು, ಲಾಡಿ ಬಿಗಿದು, ಆಮೇಲೆ ಬೂಟು. ಮೇಲೆ ರೇನ್‌ಕೋಟಿನ ಪ್ಯಾಂಟು ಇಲ್ಲದಾಗ ಬಟ್ಟೆ ಬೂಟಿನ ಬಾಯಿಯಿಂದ ಮೇಲೆ ಬಿಳಿಯಾಗಿ ಕಾಣಬೇಕು. ಇಂಬಳ ಹತ್ತಿದರೆ ಆ ಬಿಳಿಯ ಮೇಲೆ ತಕ್ಷಣ ಗೊತ್ತಾಗುತ್ತದೆ, ಬೆರಳಲ್ಲಿ ಚಿಮ್ಮಿದರಾಯಿತು.

ಮೊದಮೊದಲು ಊರವರ ಹಾಗೆ ನಾನೂ ಹೊಗೆಸೊಪ್ಪು, ಸುಣ್ಣ ಸೇರಿಸಿ ಕಾಲಿಗೆ ಸವರುತ್ತಿದ್ದೆ. ಇಂಬಳ ಹತ್ತಿರ ಬರುತ್ತಿರಲಿಲ್ಲ, ನಿಜ. ಆದರೆ ಚುಕ್ಕಿಗೆ ನನ್ನ ಕಾಲು ನೆಕ್ಕುವ ಅಭ್ಯಾಸ. ಹೊಗೆಸೊಪ್ಪು ನಾಯಿಗೆ ವಿಷ. ಗೊತ್ತಾದ ದಿನವೇ ಬಿಟ್ಟೆ. ಈಗ ಬಟ್ಟೆ ಒಗೆಯುವ ಸೋಪಿನ ತುಂಡನ್ನು ಬೂಟಿನ ಬಾಯಿ ಸುತ್ತ ಉಜ್ಜುತ್ತೇನೆ, ಅಷ್ಟೇ.

ಮೇಲಿನ ಬಟ್ಟೆಗೆ ಬರೋಣ. ಉದ್ದ ನಿಲುವಂಗಿಯಂಥ ರೇನ್‌ಕೋಟ್ ಬೇಡ. ನಾಯಿ ಎಳೆದಾಗ ಹೆಜ್ಜೆ ಅಗಲ ಇಡಬೇಕಾಗುತ್ತದೆ, ಅದು ಕಾಲಿಗೆ ತೊಡರುತ್ತದೆ. ಅಂಗಿ ಬೇರೆ, ಪ್ಯಾಂಟು ಬೇರೆ ಇರುವುದೇ ಸರಿ. ರೇನ್‌ಕೋಟಿನ ಪ್ಯಾಂಟು ಬೂಟಿನ ಹೊರಗೆ ಇಳಿಬಿದ್ದಿರಲಿ, ಒಳಗೆ ತುರುಕಿದರೆ ನೀರೆಲ್ಲ ಬೂಟಿನೊಳಗೆ. ಒಳಗೆ ಹತ್ತಿ ಬಟ್ಟೆಗಿಂತ ತೆಳ್ಳಗಿನ ಟ್ರ್ಯಾಕ್ ಪ್ಯಾಂಟ್ ಉತ್ತಮ, ಬೇಗ ಆರುತ್ತದೆ. ಜೀನ್ಸ್ ಮಾತ್ರ ಬೇಡವೇ ಬೇಡ. ಒದ್ದೆಯಾದ ಜೀನ್ಸ್ ನಮ್ಮ ಮಳೆಗಾಲದಲ್ಲಿ ನಾಲ್ಕು ದಿನಕ್ಕೂ ಒಣಗುವುದಿಲ್ಲ.

ರೇನ್‌ಕೋಟಿನ ಟೋಪಿ ಬಗ್ಗೆ ಒಂದು ಮಾತು ಹೇಳಲೇಬೇಕು. ಅದನ್ನು ಎಳೆದುಕೊಂಡರೆ ಕಿವಿ ಮುಚ್ಚುತ್ತದೆ, ಪಕ್ಕಕ್ಕೆ ಕಣ್ಣು ಕಾಣುವುದಿಲ್ಲ. ಪ್ಲಾಸ್ಟಿಕ್ ಮೇಲೆ ಮಳೆ ಬೀಳುವ ಸದ್ದು ಬಿಟ್ಟರೆ ಬೇರೇನೂ ಕೇಳಿಸುವುದಿಲ್ಲ. ಆರಿದ್ರೆ ಮಳೆ ಆರದೆ ಹುಯ್ಯುತ್ತಿದ್ದ ಒಂದು ಬೆಳಿಗ್ಗೆ ತಿರುವಿನಲ್ಲಿ ನಡೆಯುತ್ತಿದ್ದೆ. ಚುಕ್ಕಿ ಇದ್ದಕ್ಕಿದ್ದಂತೆ ರಸ್ತೆ ಅಂಚಿಗೆ ಎಳೆದಳು. ಸಿಟ್ಟಿನಿಂದ ಬೈಯಲು ಬಾಯಿ ತೆರೆದೆ, ಅಷ್ಟರಲ್ಲಿ ಒಂದು ಜೀಪು ತೋಳಿಗೆ ತಾಗುವಷ್ಟು ಹತ್ತಿರ ಹಾದುಹೋಯಿತು. ಅವಳಿಗೆ ಕೇಳಿಸಿತ್ತು, ನನಗೆ ಇಲ್ಲ. ಆಮೇಲೆ ಡಾಂಬರು ರಸ್ತೆಯಲ್ಲಿ ಆ ಟೋಪಿ ಹಾಕಿಲ್ಲ. ಸಣ್ಣ ಮಳೆಗೆ ಅಡಿಕೆ ಹಾಳೆಯ ಟೊಪ್ಪಿ ಇಡುತ್ತೇನೆ, ಕಿವಿ ತೆರೆದಿರುತ್ತದೆ. ನೆನೆದು ನೆನೆದು ಮೆತ್ತಗಾದರೆ ಎಸೆದು ಇನ್ನೊಂದು, ನಮ್ಮಲ್ಲಿ ಹಾಳೆಗೆ ಬರವೇ? ಜೋರು ಮಳೆಗೆ ಅಂಚು ಅಗಲವಿರುವ ಟೋಪಿ. ತಲೆ ಸ್ವಲ್ಪ ನೆನೆದರೆ ನೆನೆಯಲಿ.

"ನಮ್ ಕಾಲ್ದಾಗೆ ಒಂದು ಕಂಬಳಿ ಕೊಪ್ಪೆ ಇದ್ರೆ ಮಳೆಗಾಲ ಕಳೀತಿತ್ತು" ಎನ್ನುತ್ತಾರೆ ಅತ್ತೆ. ಅವರ ಮಾತಿಗೆ ಬೆಲೆ ಕೊಟ್ಟು ಹಳೆಯ ಕಂಬಳಿ ತೆಗೆದು ಹಾಕಿಕೊಂಡು ನೋಡಿದೆ. ಮಳೆಯೇ ಕಡಿಮೆ ಇರುವ ಚಳ್ಳಕೆರೆ ಕಡೆಯ ಕಂಬಳಿ ನಮ್ಮ ಮಳೆಗೆ ಇಷ್ಟು ಚೆನ್ನಾಗಿ ಒಗ್ಗುವುದು ನನಗೆ ಇಂದಿಗೂ ಸೋಜಿಗ. ನೀರು ಉಣ್ಣೆಯ ಮೇಲೆ ಹನಿಹನಿಯಾಗಿ ಇಳಿಯುತ್ತದೆ. ಒದ್ದೆಯಾದರೂ ಒಳಗೆ ಬೆಚ್ಚಗೇ ಇರುತ್ತದೆ. ರೇನ್‌ಕೋಟಿನೊಳಗಿನ ಬೆವರಿನ ಗೋಳಿಲ್ಲ. ಆದರೆ ಅರ್ಧ ಗಂಟೆಯಲ್ಲಿ ಭಾರ ಆಗುತ್ತದೆ. ಗದ್ದೆಯಲ್ಲಿ ನಿಂತು ಕೆಲಸ ಮಾಡುವವರಿಗೆ ಸರಿ, ನಾಯಿಯ ಎಳೆತಕ್ಕೆ ನಡೆಯುವವರಿಗೆ ಕಷ್ಟ. ಈಗ ಅದು ತೋಟಕ್ಕೆ ಮಾತ್ರ.

ಚುಕ್ಕಿಗೂ ಒಂದು ರೇನ್‌ಕೋಟ್ ತರಿಸಿದ್ದೆ. ಹೊಟ್ಟೆಯ ಕಡೆಯಿಂದ ನೀರು ಹೊಕ್ಕು ಒಳಗೇ ನಿಂತು, ಕಂಕುಳಲ್ಲಿ ಚರ್ಮ ಕೆಂಪಾಯಿತು. ತೆಗೆದಿಟ್ಟೆ. ಅವಳಿಗೆ ಬೇಕಿರುವುದು ಹೊರಗೆ ಕೋಟಲ್ಲ, ಬಂದ ಮೇಲೆ ಒರೆಸುವ ಹಳೆಯ ಪಂಚೆ. ಜಗುಲಿಯಲ್ಲಿ ನಿಲ್ಲಿಸಿ, ಟಾರ್ಚ್ ಬಿಟ್ಟು ನಾಲ್ಕೂ ಪಾದದ ಬೆರಳ ಸಂದಿ ಬಿಡಿಸಿ ನೋಡುತ್ತೇನೆ. ಆಮೇಲೆ ಕಿವಿ, ಮೂಗು. ಒಮ್ಮೆ ಎರಡು ದಿನ ಸೀನುತ್ತಲೇ ಇದ್ದಳು, ಮೂಗಿನಿಂದ ಹನಿ ರಕ್ತ. ಪಶುವೈದ್ಯರು ಮೂಗಿನ ಹೊಳ್ಳೆಯಿಂದ ಚಿಮಟದಲ್ಲಿ ಇಂಬಳ ಎಳೆದರು. ಅಂದಿನಿಂದ ಮೂಗು ನೋಡದೆ ಒಳಗೆ ಬಿಡುವುದಿಲ್ಲ. ಇಲಿ ಜ್ವರ ನಾಯಿಗೂ ಬರುತ್ತದೆ, ಅದರ ಲಸಿಕೆಯನ್ನು ಪ್ರತಿ ವರ್ಷ ಮಳೆಗಾಲಕ್ಕೆ ಮೊದಲೇ ಹಾಕಿಸುತ್ತೇನೆ.

ಒಣಗಿಸುವುದು ಒಂದು ದೊಡ್ಡ ಕೆಲಸ. ಬಚ್ಚಲೊಲೆಯ ಮೇಲೆ ಬಿದಿರಿನ ಗಳ ಕಟ್ಟಿದ್ದೇವೆ, ಎರಡು ಜೊತೆ ಬಟ್ಟೆ ಸರದಿಯಲ್ಲಿ ಅಲ್ಲಿ ಆರುತ್ತವೆ. ಟ್ರ್ಯಾಕ್ ಪ್ಯಾಂಟನ್ನು ಒಲೆಗೆ ತೀರಾ ಹತ್ತಿರ ಹಾಕಿ ಒಂದನ್ನು ಮುರುಟಿಸಿಕೊಂಡಿದ್ದೇನೆ. ಗಂಬೂಟನ್ನಂತೂ ಒಲೆ ಹತ್ತಿರ ಇಡಲೇಬಾರದು, ರಬ್ಬರು ಬಿರಿಯುತ್ತದೆ. ಒಳಗೆ ಹಳೆ ಪೇಪರ್ ತುರುಕಿ ಜಗುಲಿಯಲ್ಲೇ ಇಡುತ್ತೇನೆ, ಬೆಳಿಗ್ಗೆಗೆ ಪೇಪರ್ ನೀರು ಎಳೆದುಕೊಂಡಿರುತ್ತದೆ.

ಚಳಿಗೆ ಹಾಕುವ ಬಟ್ಟೆ ಸುಲಭ. ಬೆಳಿಗ್ಗೆ ಇಬ್ಬನಿಗೆ ಹುಲ್ಲೆಲ್ಲ ಒದ್ದೆ, ಅದಕ್ಕೆ ಗಂಬೂಟು ಮುಂದುವರಿಯುತ್ತದೆ. ಮೇಲೆ ಸ್ವೆಟರ್, ಕತ್ತಿಗೆ ಮಫ್ಲರ್. ಹತ್ತು ನಿಮಿಷ ನಡೆದರೆ ಮೈ ಬಿಸಿಯಾಗುತ್ತದೆ, ಸ್ವೆಟರ್ ತೆಗೆದು ಸೊಂಟಕ್ಕೆ ಕಟ್ಟುತ್ತೇನೆ. ಮಂಜು ದಟ್ಟವಾಗಿದ್ದರೆ ಕಿತ್ತಳೆ ಬಣ್ಣದ, ಬೆಳಕಿಗೆ ಹೊಳೆಯುವ ಪಟ್ಟಿಯ ಜಾಕೆಟ್ ಬೇಕೇ ಬೇಕು. ಚುಕ್ಕಿ ಪೂರಾ ಕಪ್ಪು, ಎದೆ ಮೇಲೆ ಮಾತ್ರ ಒಂದು ಬಿಳಿ ಚುಕ್ಕೆ. ಅವಳ ಕತ್ತಿನ ಬೆಲ್ಟಿಗೂ ಅದೇ ಪಟ್ಟಿ ಹೊಲಿದಿದ್ದೇನೆ.

ನಾನು ನಿಜವಾಗಿ ಹೆದರುವುದು ಮಳೆಗಲ್ಲ, ಡಿಸೆಂಬರಿನಿಂದ ಮೇ ತನಕದ ಒಣ ತಿಂಗಳುಗಳಿಗೆ. ಜೀವಕ್ಕೇ ಕುತ್ತು ತರಬಲ್ಲ ಜ್ವರವಾದ ಮಂಗನ ಕಾಯಿಲೆ ನಮ್ಮದೇ ಜಿಲ್ಲೆಯದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ ಮೊದಲು ಪತ್ತೆಯಾಯಿತು, 'ಕ್ಯಾಸನೂರು ಫಾರೆಸ್ಟ್ ಡಿಸೀಸ್' ಎಂಬ ಇಂಗ್ಲಿಷ್ ಹೆಸರೂ ಅಲ್ಲಿಂದಲೇ ಬಂತು. ಹರಡುವುದು ಉಣುಗಿನಿಂದ. ಅದರ ಮರಿಗಳು ಎಳ್ಳಿಗಿಂತ ಸಣ್ಣ. ತರಗೆಲೆಯಲ್ಲಿ, ಹುಲ್ಲಿನ ತುದಿಯಲ್ಲಿ ಕಾದಿರುತ್ತವೆ. ಬರಿಗಣ್ಣಿಗೆ ಧೂಳಿನ ಕಣದ ಹಾಗೆ ಕಾಣುತ್ತವೆ.

ಆಗ ನನ್ನ ಬಟ್ಟೆ ಹೀಗೆ. ಗಂಡನ ಹಳೆಯ ತುಂಬು ತೋಳಿನ ಬಿಳಿ ಅಂಗಿ, ತಿಳಿ ಬಣ್ಣದ ಪ್ಯಾಂಟು, ಅದೇ ಕೋರಾ ಬಟ್ಟೆಯ ಕಾಲುಚೀಲ, ಅದೇ ಗಂಬೂಟು. ಅಂಗಿಯನ್ನು ಪ್ಯಾಂಟಿನೊಳಗೆ ಸೇರಿಸಿ, ತೋಳಿನ ಗುಂಡಿ ಹಾಕಿ. ಉಣುಗು ಹತ್ತದಂತೆ ಆರೋಗ್ಯ ಇಲಾಖೆಯವರು ಕೊಡುವ ಡೆಪಾ ಎಣ್ಣೆಯನ್ನು ಕೈಗೆ, ಕತ್ತಿಗೆ, ಕಾಲಿಗೆ ಹಚ್ಚಿಕೊಳ್ಳುತ್ತೇನೆ. ಅದನ್ನು ಚುಕ್ಕಿಗೆ ಹಚ್ಚುವುದಿಲ್ಲ, ಬಂದು ಸೋಪು ಹಾಕಿ ಕೈ ತೊಳೆಯುವ ತನಕ ಅವಳನ್ನು ಮುದ್ದು ಮಾಡುವುದೂ ಇಲ್ಲ. ಅವಳಿಗೆ ಪಶುವೈದ್ಯರು ಕೊಟ್ಟ ಉಣುಗಿನ ಔಷಧ ಬೇರೆ ಇದೆ. ಸೊಪ್ಪಿನಬೆಟ್ಟದ ದಾರಿಯನ್ನೇ ಆ ತಿಂಗಳುಗಳಲ್ಲಿ ಬಿಟ್ಟು, ಡಾಂಬರು ರಸ್ತೆಯಲ್ಲೇ ಹೋಗಿಬರುತ್ತೇವೆ. ಮಂಗ ಸತ್ತಿದ್ದು ಕಂಡರೆ ಹತ್ತಿರ ಹೋಗದೆ ಆಶಾ ಕಾರ್ಯಕರ್ತೆಗೆ ಫೋನ್ ಮಾಡುತ್ತೇನೆ.

"ಅಲ್ಲ ಮಾರಾಯ್ತಿ, ನಾಯಿ ಸುತ್ಸಕ್ಕೆ ಇಷ್ಟೆಲ್ಲ ಬೇಕಾ?" ಅಂತ ಪಕ್ಕದ ಮನೆ ಅಕ್ಕ ಕೇಳಿದ್ದರು. ಮುಂದಿನ ಜನವರಿಯಲ್ಲಿ ಅವರ ತಮ್ಮನಿಗೇ ಮಂಗನ ಕಾಯಿಲೆ ಬಂತು, ತರಗು ಗುಡಿಸಲು ಹೋಗಿದ್ದರು. ವಾರಗಟ್ಟಲೆ ಆಸ್ಪತ್ರೆಯಲ್ಲಿದ್ದು ಉಳಿದುಕೊಂಡರು. ಈಗ ಅಕ್ಕನೂ ನಾನು ಹೊಲಿಸಿದ ಟೈಲರ್ ಹತ್ತಿರವೇ ಕಾಲುಚೀಲ ಹೊಲಿಸಿದ್ದಾರೆ.

ಮನೆಗೆ ಬಂದ ಮೇಲೆ ಆ ಬಟ್ಟೆ ಜಗುಲಿ ದಾಟಿ ಒಳಗೆ ಬರುವುದಿಲ್ಲ. ಹೊರಬಚ್ಚಲಿನಲ್ಲೇ ಬಿಚ್ಚಿ ಬಿಸಿ ನೀರಿಗೆ ಹಾಕಿ, ಸ್ನಾನ ಮಾಡಿಯೇ ಒಳಗೆ ಹೋಗುವುದು. ಉಣುಗು ಕಚ್ಚಿಕೊಂಡಿದ್ದರೆ ಸೀಮೆಎಣ್ಣೆ ಹಾಕುವುದು, ಬೆಂಕಿ ತಾಗಿಸುವುದು ಬೇಡ. ಚಿಮಟದಲ್ಲಿ ಚರ್ಮಕ್ಕೆ ಒತ್ತಿ ಹಿಡಿದು ನೇರವಾಗಿ ಎಳೆಯಬೇಕು.

ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲಿನ ಲೆಕ್ಕವೂ ಸೇರುತ್ತದೆ. ಡಾಂಬರಿನ ಮೇಲೆ ಅಂಗೈ ಹಿಂಭಾಗ ಇಟ್ಟು ಏಳು ಎಣಿಸುತ್ತೇನೆ. ಅಷ್ಟು ಹೊತ್ತು ಇಡಲು ಆಗದಿದ್ದರೆ ಅವಳ ಪಾದಕ್ಕೂ ಆಗುವುದಿಲ್ಲ, ತಿರುಗಿ ಬರುತ್ತೇವೆ. ಸಂಜೆ ಗುಡುಗು ಕೇಳಿದರೆ ಹೊರಡುವುದೇ ಇಲ್ಲ. ಸಿಡಿಲಿಗೆ ಯಾವ ಬಟ್ಟೆಯೂ ಇಲ್ಲ.

ಇದನ್ನು ಬರೆಯುವಾಗ ಹೊರಗೆ ಸ್ವಾತಿ ಮಳೆ ಸಣ್ಣಗೆ ಹನಿಯುತ್ತಿದೆ. ಬಾಗಿಲ ಹಿಂದಿನ ಗೂಟದಲ್ಲಿ ರೇನ್‌ಕೋಟ್ ಇನ್ನೂ ಇದೆ. ಇನ್ನೆರಡು ವಾರಕ್ಕೆ ಅದನ್ನು ತೊಳೆದು ಅಟ್ಟಕ್ಕೆ ಹಾಕಿ, ಅಲ್ಲಿ ಬಿಳಿ ಅಂಗಿ ತೂಗುಹಾಕಬೇಕು. ಕೋರಾ ಬಟ್ಟೆಯ ಒಂದು ಕಾಲುಚೀಲ ಹಿಮ್ಮಡಿ ಹತ್ತಿರ ಸವೆದಿದೆ, ಈ ಸಲ ಎರಡು ಜೊತೆ ಹೊಲಿಸುತ್ತೇನೆ. ಗಂಬೂಟು ಮಾತ್ರ ಇದ್ದಲ್ಲೇ ಇರುತ್ತದೆ. ಅದರ ಪಕ್ಕದಲ್ಲೇ ಚುಕ್ಕಿ ಮಲಗಿದ್ದಾಳೆ, ನಾನು ಬೂಟಿಗೆ ಕೈ ಹಾಕಿದರೆ ಸಾಕು, ಎದ್ದು ನಿಲ್ಲುತ್ತಾಳೆ.