ಅಕ್ವೇರಿಯಂಗೆ ಮಳೆನೀರು ಹಾಕುವವರು ಇದನ್ನೊಮ್ಮೆ ನೋಡಿ

ಮಳೆ ಶುರುವಾದ ಕೂಡ್ಲೆ ಮಾಡಿನ ನೀರು ಬಕೆಟಲ್ಲಿ ಹಿಡಿದು ಸೀದಾ ಟ್ಯಾಂಕಿಗೆ ಹೊಯ್ಬೇಡಿ ಮಾರಾಯ್ರೆ. ಮೊದಲ ಮಳೆಯಲ್ಲಿ ಹಂಚಿನ ಮೇಲಿದ್ದ ಧೂಳು, ಕಾಗೆ ಹಿಕ್ಕೆ, ಒಣಗಿದ ಪಾಚಿ ಎಲ್ಲ ಇಳಿದು ಬರ್ತದೆ, ಅದು ತೆಂಗಿನ ಬುಡಕ್ಕೆ ಹೋಗ್ಲಿ. ನಾಲ್ಕೈದು ಜೋರು ಮಳೆ ಆದ ಮೇಲೆ ಹಿಡೀರಿ, ತಗಡಿನ ಶೀಟಿನ ನೀರು ಬೇಡ, ಸತು ಕರಗಿದ್ರೆ ಮೀನಿಗೆ ವಿಷ.

ಮಳೆನೀರಲ್ಲಿ ಕ್ಲೋರಿನ್ ಇಲ್ಲ ಸರಿ, ಆದ್ರೆ ಖನಿಜಾಂಶವೂ ಇಲ್ಲ, ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ) 5.6 ಆಸುಪಾಸು ಇರ್ತದೆ, ಬರೀ ಅದನ್ನೇ ತುಂಬಿಸಿದ್ರೆ ಪಿಎಚ್ ಹಿಡಿದಿಡ್ಲಿಕ್ಕೆ ಏನೂ ಇಲ್ದೆ ಒಂದು ದಿನ ದಡಕ್ಕಂತ ಇಳೀತದೆ. ಅರ್ಧ ಮಳೆನೀರು, ಅರ್ಧ ಕ್ಲೋರಿನ್ ತೆಗೆದ ನಳ್ಳಿನೀರು ಮಿಕ್ಸ್ ಮಾಡಿ, ಒಂದು ಸಲಕ್ಕೆ ಟ್ಯಾಂಕಿನ ಕಾಲುಭಾಗ ಮಾತ್ರ ಬದಲಿಸಿ. ನಮ್ಮ ಕಡೆ ಮುರಕಲ್ಲಿನ (ಕೆಂಪುಕಲ್ಲಿನ) ಬಾವಿನೀರು ಮೊದ್ಲೇ ಮೆದು, ಅಂದ್ರೆ ಖನಿಜಾಂಶ ಕಮ್ಮಿ, ಇರ್ತದೆ, ಅದ್ರ ಜೊತೆ ಬೆರೆಸಿದ್ರೆ ದೊಡ್ಡ ಪ್ರಯೋಜನ ಇಲ್ಲ. ಆಗ ಮರುವಾಯಿ (ಚಿಪ್ಪುಮೀನು) ಸುಕ್ಕ ಮಾಡಿದ ದಿನ ಚಿಪ್ಪು ಬಿಸಾಡ್ಬೇಡಿ, ಮಸಾಲೆ ತಾಗುವ ಮೊದ್ಲೇ ತೆಗೆದಿಟ್ಟು ಚೆನ್ನಾಗಿ ತಿಕ್ಕಿ ಕುದಿಸಿ ಫಿಲ್ಟರಲ್ಲಿ ನಾಲ್ಕು ಇಡಿ, ಸುಣ್ಣದಂಶ ನಿಧಾನಕ್ಕೆ ಕರಗ್ತದೆ.

ಟೆಟ್ರಾ, ಬೆಟ್ಟಾ ಮೀನಿಗೆ ಮೆದು ನೀರು ಆಗ್ತದೆ. ಗಪ್ಪಿ, ಮೋಲಿಗೆ ಆಗುದಿಲ್ಲ. ಮತ್ತೆ ಡ್ರಮ್ಮಿನ ಬಾಯಿಗೆ ಬಟ್ಟೆ ಕಟ್ಟಿ, ಸೊಳ್ಳೆ ಮೊಟ್ಟೆ ಇಟ್ರೆ ಮಲೇರಿಯಾ ಇಡೀ ವಠಾರಕ್ಕೆ.